ಬೊಗಳುವ ನಾಯಿಯ ಪರವಾಗಿ

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಮ್ಮ ಜನ ಬಹುಮಟ್ಟಿಗೆ ತಿರಸ್ಕಾರದ ಧ್ವನಿಯಲ್ಲಿಯೇ ಆಡುತ್ತಾರೆ. ಬಾಯಿಬಡುಕನಾದ ಮನುಷ್ಯನಿಂದ ಕೆಲಸವಾಗದೆಂದು ಸೂಚಿಸುವುದಕ್ಕೆ, ಪಾಪ, ನಾಯಿಯನ್ನು ನಡುವೆ ಎಳೆದು ತರುತ್ತಾರೆ. ಆದರೆ ಮನೆಯ ಕಾವಲಿಗೆ ನಾಯಿಯನ್ನು ಅರಸುತ್ತಿರುವ ಗೃಹಸ್ಥನ ಪಾಲಿಗೆ ಇದಕ್ಕಿಂತ ಉತ್ತಮವಾದ ಪ್ರಶಂಸೆ ಮತ್ತೊಂದಿಲ್ಲ. ಅಪರಿಚಿತನು ಅಂಗಳಕ್ಕೆ ಕಾಲಿಡುತ್ತಲೇ ಮನೆಮಂದಿಯನ್ನು ಎಬ್ಬಿಸಬೇಕು, ಯಜಮಾನನು ಬಾಗಿಲು ತೆರೆದು 'ಸಾಕು, ಸುಮ್ಮನಿರು' ಎಂದೊಡನೆ ಸುಮ್ಮನಾಗಬೇಕು, ಹಾಲಿನವನನ್ನೂ ಅಂಚೆಯವನನ್ನೂ ಓಣಿಯ ಮಕ್ಕಳನ್ನೂ ಕಚ್ಚಬಾರದು: ಕಾವಲುನಾಯಿಯ ಧರ್ಮ ಇಷ್ಟೇ. ಕಳ್ಳನನ್ನು ಹಿಡಿಯುವುದು ಪೊಲೀಸರ ನಾಯಿಗೆ ಸೇರಿದ ವಿದ್ಯೆ. ಅದಕ್ಕೆ ಬೇರೆ ಶಿಕ್ಷಣವುಂಟು, ಬೇರೆ ಶಿಕ್ಷಕನುಂಟು.

ಕೊಪ್ಪಳದ ಸೀಮೆಯಲ್ಲಿ ಈ ಆಯ್ಕೆ ಎಲ್ಲರಿಗೂ ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಅಂಗಳವನ್ನು ಕಾಯುವ ನಾಯಿ ಬೇಕು. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಬಯಲಿನಲ್ಲಿ ಕುರಿಹಟ್ಟಿಯನ್ನು ಕಾಯುವ ನಾಯಿ ಬೇಕು. ಕೊಪ್ಪಳ ಪಟ್ಟಣದ ಹೊಸ ಬಡಾವಣೆಯಲ್ಲಿ ಹತ್ತು ಹೆಜ್ಜೆಯ ಅಂಗಳವುಳ್ಳ ಮನೆಗೆ, ಮಕ್ಕಳೊಡನೆ ಮಲಗುವ ನಾಯಿ ಬೇಕು. ಈ ಮೂವರೂ ಒಬ್ಬನೇ ವ್ಯಾಪಾರಿಯ ಬಳಿಗೆ ಹೋಗಿ ಒಂದೇ ಜಾತಿಯ ಮರಿಯನ್ನು ಕೊಂಡು ತಂದರೆ, ಇಬ್ಬರಾದರೂ ವರ್ಷದೊಳಗೆ ಪಶ್ಚಾತ್ತಾಪಪಡುವುದು ನಿಶ್ಚಯ.

ಮೊದಲು ಕುರಿಗಾರನನ್ನೇ ನೋಡೋಣ, ಏಕೆಂದರೆ ಈ ವಿಷಯದಲ್ಲಿ ಅವನೇ ಗುರು. ಬೆಳೆ ಕಟಾವಾದ ಹೊಲದಲ್ಲಿ ಹಿಂಡನ್ನು ತರುಬಿ, ಕಂಬಳಿ ಹೊದ್ದು ಮಲಗುವ ಅವನಿಗೆ ರಾತ್ರಿಯ ಶತ್ರು ತೋಳ. ಗಂಗಾವತಿಯ ಕಡೆಯ ಬಂಕಾಪುರದ ಕುರುಚಲು ಬಯಲನ್ನು ತೋಳಗಳಿಗಾಗಿಯೇ ಸರ್ಕಾರವು ಅಭಯಧಾಮವಾಗಿ ಘೋಷಿಸಿರುವುದು ಓದುಗರಿಗೆ ತಿಳಿದಿರಬಹುದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ತೋಳವನ್ನು ಕೊಲ್ಲುವುದು ಅಪರಾಧ. ಹೀಗಿರುವಾಗ ತೋಳದೊಡನೆ ಹೋರಾಡಿ ಅದನ್ನು ಕೊಲ್ಲುವ ನಾಯಿಗಿಂತ, ದೂರದಲ್ಲಿಯೇ ಅದರ ವಾಸನೆಯನ್ನು ಹಿಡಿದು ಬೊಗಳಿ, ಮಲಗಿದವನನ್ನು ಎಬ್ಬಿಸುವ ನಾಯಿಯೇ ಉಪಯುಕ್ತವಾದುದು: ಕುರಿಯೂ ಉಳಿಯಿತು, ತೋಳವೂ ಉಳಿಯಿತು. ಹಟ್ಟಿಯ ನಾಯಿ ಯಾವ ಗ್ರಂಥದಲ್ಲಿಯೂ ಹೆಸರಿಲ್ಲದ ನಾಡತಳಿಯದು. ಕಣ್ಣು ತೆರೆದಂದಿನಿಂದ ಕುರಿಗಳ ನಡುವೆಯೇ ಬೆಳೆದುದರಿಂದ ಹಿಂಡನ್ನು ತನ್ನ ಬಳಗವೆಂದು ಎಣಿಸುವುದು. ಕುರಿಗಾರರಾದ ಹಾಲುಮತದ ಜನರಿಗೆ ನಾಯಿಯ ಮೇಲಿರುವ ಗೌರವವೂ ಸಾಮಾನ್ಯವಾದುದಲ್ಲ. ಮೈಲಾರಲಿಂಗನ ಗೊರವರು ತಾವು ದೇವರ ನಾಯಿಗಳೆಂದು ಬೊಗಳುತ್ತ, ದೋಣಿಯೆಂಬ ಪಾತ್ರೆಯೊಳಗಿನ ನೈವೇದ್ಯಕ್ಕೆ ನೇರವಾಗಿ ಬಾಯಿ ಹಾಕಿ ಉಣ್ಣುವುದನ್ನು ಜಾತ್ರೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮುಧೋಳ ನಾಯಿ. ಕುಷ್ಟಗಿಯಿಂದ ಇಳಕಲ್, ಬಾಗಲಕೋಟೆಗಳ ಮಾರ್ಗವಾಗಿ ಅರ್ಧ ದಿನದೊಳಗೆ ಮುಟ್ಟಬಹುದಾದ ಆ ಊರಿನ ಕೀರ್ತಿಗೆ ಮಾರುಹೋಗದವರು ವಿರಳ. ಬೇಡರ ಬೇಟೆನಾಯಿಗಳನ್ನು ಕಂಡು ಮೆಚ್ಚಿ ಅವುಗಳ ತಳಿಯನ್ನು ಕಾಪಾಡಿದವರು ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೊತೆಯನ್ನು ಉಡುಗೊರೆಯಾಗಿ ಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. 2005ರಲ್ಲಿ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳು ಮೀರತ್‌ನ ಸೈನ್ಯಶಿಬಿರಕ್ಕೆ ಶಿಕ್ಷಣಕ್ಕೆಂದು ಹೋದವು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ; ಶುದ್ಧತಳಿಯ ಮರಿಯನ್ನು ಬಯಸುವವರು ದಾರಿಬದಿಯ ವ್ಯಾಪಾರಿಯನ್ನು ನಂಬುವುದಕ್ಕೆ ಮೊದಲು ಅಲ್ಲಿ ವಿಚಾರಿಸುವುದು ಲೇಸು. ಆದರೆ ಆ ನೀಳವಾದ ಕಾಲು, ಸಣ್ಣ ನಡು, ಆಳವಾದ ಎದೆ ಇವೆಲ್ಲ ಮೊಲವನ್ನು ಬೆನ್ನಟ್ಟುವುದಕ್ಕೆಂದು ಆದ ನಿರ್ಮಾಣ. ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ಪ್ರಾಣಿ ಅದು. ಪರಕೀಯರು ಮೈಮುಟ್ಟುವುದನ್ನು ಅದು ಸಹಿಸುವುದಿಲ್ಲ, ಪ್ರತಿದಿನವೂ ಮನಸಾರೆ ಓಡದೆ ಅದಕ್ಕೆ ಆರೋಗ್ಯವಿಲ್ಲ, ನೆರೆಮನೆಯ ಕೋಳಿ ಓಡಿದರೆ ಅದರ ಹಿಂದೆ ಓಡದಿರಲು ಅದಕ್ಕೆ ಸಾಧ್ಯವಿಲ್ಲ. ತೋಟದ ಮನೆಯಿದ್ದವನಿಗೆ, ಬೇಲಿಯಿದ್ದವನಿಗೆ, ಮುಂಜಾನೆ ಎದ್ದು ಹೊಲಕ್ಕೆ ನಡೆಯುವವನಿಗೆ ಇದಕ್ಕಿಂತ ಗಂಭೀರವಾದ ಸಂಗಾತಿಯಿಲ್ಲ. ಬಡಾವಣೆಯ ಗೃಹಸ್ಥನು ಇದನ್ನು ತಂದು ಗೇಟಿಗೆ ಕಟ್ಟಿಹಾಕುವುದು ಮಾತ್ರ, ನನ್ನ ಮತದಲ್ಲಿ, ಶುದ್ಧ ಅನ್ಯಾಯ.

ಬೇಟೆನಾಯಿಯ ಶೌರ್ಯಕ್ಕೆ ನಮ್ಮ ನಾಡು ಹಿಂದಿನಿಂದಲೂ ತಲೆಬಾಗಿದೆ. ಮಂಡ್ಯ ಸೀಮೆಯ ಆತಕೂರಿನ ಶಾಸನವು, ಹತ್ತನೆಯ ಶತಮಾನದ ನಡುವೆ, ಮಣಲೆರನೆಂಬ ವೀರನ ನಾಯಿ ಕಾಳಿಯು ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತ ವೃತ್ತಾಂತವನ್ನು ಕಲ್ಲಿನಲ್ಲಿ ಉಳಿಸಿದೆ. ಬೊಗಳಿ ಮನೆಯನ್ನು ಎಬ್ಬಿಸಿದ ನಾಯಿಗೆ ಕಲ್ಲು ನಿಲ್ಲಿಸಿದುದನ್ನು ನಾನು ಕಾಣೆ.

ಪಟ್ಟಣದ ಮನೆಗೆ ಯಾವುದು? ಸೇಂಟ್ ಬರ್ನಾರ್ಡ್, ಹಸ್ಕಿ ಮುಂತಾದ ಹಿಮದೇಶದ ನಾಯಿಗಳನ್ನು ವೈಶಾಖದಲ್ಲಿ ಬಂಡೆ ಸುಡುವ ನಮ್ಮ ಊರುಗಳಿಗೆ ತರುವುದು ದಯೆಯಲ್ಲ. ಚಪ್ಪಟೆ ಮೂಗಿನ ಪಗ್ ಈ ಸೆಕೆಯಲ್ಲಿ ಉಸಿರಾಡುವುದಕ್ಕೇ ಕಷ್ಟಪಡುತ್ತದೆ. ಲ್ಯಾಬ್ರಡಾರ್ ಸಜ್ಜನ, ಕಳ್ಳನಿಗೂ ಬಾಲವಾಡಿಸುವಷ್ಟು ಸಜ್ಜನ. ಜರ್ಮನ್ ಶೆಫರ್ಡ್ ಬುದ್ಧಿಶಾಲಿ, ಆದರೆ ಬುದ್ಧಿಗೆ ದಿನವೂ ಕೆಲಸ ಕೊಡುವ ಯಜಮಾನ ಬೇಕು. ನಾವು ಪೊಮೇರಿಯನ್ ಎಂದು ಕರೆಯುವ ಬಿಳಿಯ ತುಪ್ಪುಳಿನ ಪುಟ್ಟ ಸ್ಪಿಟ್ಜ್ ನಾಯಿಯನ್ನು ನೋಡಿ ನಗುವವರುಂಟು. ಎಲೆ ಅಲುಗಿದರೂ ಸದ್ದು ಮಾಡುವ ಅದು ಕಾವಲಿಗೆ ಅಯೋಗ್ಯವೆಂದು ನಾನು ಹೇಳಲಾರೆ. ಆದರೂ ನನ್ನ ಆಯ್ಕೆ ಓಣಿಯಲ್ಲಿ ಹುಟ್ಟಿದ ಕಂತ್ರಿ ಮರಿ: ಬಿಸಿಲಿಗೆ ಒಗ್ಗಿದ ಚರ್ಮ, ಸ್ವಲ್ಪ ಆಹಾರದಲ್ಲಿ ತೃಪ್ತಿ, ತನ್ನ ಎಲ್ಲೆಯ ವಿಷಯದಲ್ಲಿ ಅಪಾರವಾದ ಜಾಗರೂಕತೆ, ಇಷ್ಟೂ ಅದಕ್ಕೆ ಹುಟ್ಟಿನಿಂದಲೇ ಬಂದಿವೆ.

ಮರಿಯನ್ನು ಆರಿಸುವಾಗ ಮೊದಲು ತಾಯಿಯನ್ನು ನೋಡತಕ್ಕದ್ದು. ಮನುಷ್ಯರನ್ನು ಕಂಡು ಬಾಲ ಮುದುರುವ ತಾಯಿಯ ಅಂಜಿಕೆಯನ್ನು ಮರಿಗಳು ಹಾಲಿನೊಡನೆ ಕಲಿಯುತ್ತವೆ. ಎಂಟು ವಾರ ತುಂಬುವ ಮುನ್ನ ಮರಿಯನ್ನು ಅಗಲಿಸಬಾರದು. ಮರಿಗಳ ಸಮೀಪದಲ್ಲಿ ಸ್ಟೀಲ್ ತಟ್ಟೆಯೊಂದನ್ನು ಬೀಳಿಸಿ ನೋಡಿ: ಬೆಚ್ಚಿ ಓಡಿ ಮೂಲೆ ಸೇರಿ ಹೊರಬರದ ಮರಿ ಬೇಡ, ಸದ್ದನ್ನು ಲೆಕ್ಕಿಸದೆ ನಿದ್ರಿಸುವುದೂ ಬೇಡ, ಬೆಚ್ಚಿ, ನಿಂತು, ಮತ್ತೆ ಬಂದು ತಟ್ಟೆಯನ್ನು ಮೂಸುವ ಮರಿಯನ್ನು ಎತ್ತಿಕೊಳ್ಳಿ. ಹೆಣ್ಣುಮರಿ ಬೇಡವೆಂಬ ಹಠ ಬಹಳ ಮನೆಗಳಲ್ಲಿದೆ. ಕಾವಲಿನಲ್ಲಿ ಹೆಣ್ಣು ಎಳ್ಳಷ್ಟೂ ಕಡಿಮೆಯಿಲ್ಲ. ಸಂತಾನದ ಚಿಂತೆಯನ್ನು ಪಶುವೈದ್ಯರ ಶಸ್ತ್ರಚಿಕಿತ್ಸೆ ನಿವಾರಿಸುತ್ತದೆ.

ಕಿವಿ ಕತ್ತರಿಸಿದರೆ ನಾಯಿ ಚುರುಕಾಗುವುದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಕಿವಿಗೂ ಶೌರ್ಯಕ್ಕೂ ಸಂಬಂಧವಿಲ್ಲ. ಅದು ಬರಿಯ ಹಿಂಸೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ರಾತ್ರಿ ಉಗ್ರವಾಗುವುದೆಂಬುದೂ ಅಂಥದೇ ಭ್ರಮೆ. ಕಟ್ಟಿದ ನಾಯಿಗೆ ಓಡಿಹೋಗುವ ಉಪಾಯವಿಲ್ಲ, ಭಯಗೊಂಡರೆ ಕಚ್ಚುವುದೊಂದೇ ಉಪಾಯ. ಮೊದಲು ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಮನೆಯ ಮಗುವೇ. ಆನೆಗೊಂದಿಯ ಸುತ್ತಿನ ಬಂಡೆಗುಡ್ಡಗಳ ಬಳಿ ವಾಸಿಸುವವರಿಗೆ ಮತ್ತೊಂದು ಮಾತು: ಅಲ್ಲಿ ಚಿರತೆಗಳಿವೆ, ಚಿರತೆಗೆ ನಾಯಿ ಸುಲಭವಾದ ಬೇಟೆ, ರಾತ್ರಿ ಹೊರಗೆ ಕಟ್ಟಿದ ನಾಯಿ ಕಾವಲಲ್ಲ, ಆಮಿಷ.

ಆಹಾರದ ಮಾತು ಚಿಕ್ಕದು: ಜೋಳದ ರೊಟ್ಟಿ, ಮಜ್ಜಿಗೆ, ಸಾಧ್ಯವಾದಾಗ ಮೊಟ್ಟೆ ಸಾಕು; ಉಳ್ಳಾಗಡ್ಡಿಯೂ ಬೇಯಿಸಿದ ಕೋಳಿಯ ಎಲುಬೂ ನಿಷಿದ್ಧ. ಲಸಿಕೆಯ ಮಾತು ಚಿಕ್ಕದಲ್ಲ. ಆರರಿಂದ ಎಂಟು ವಾರದೊಳಗೆ ಡಿಸ್ಟೆಂಪರ್, ಪಾರ್ವೊ ರೋಗಗಳ ಮೊದಲ ಚುಚ್ಚುಮದ್ದು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ತರುವಾಯ ಪ್ರತಿವರ್ಷವೂ ಪುನರಾವರ್ತನೆ. ಕುರಿಹಟ್ಟಿಯ ನಾಯಿಗಳಿಗಂತೂ ಇದು ಇಮ್ಮಡಿ ಅವಶ್ಯಕ, ಏಕೆಂದರೆ ನಾಯಿಯ ಡಿಸ್ಟೆಂಪರ್ ತೋಳಗಳಿಗೂ ಅಂಟುತ್ತದೆ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ ಮೆತ್ತಿ ಕಾಲಹರಣ ಮಾಡಬಾರದು.

ಮನೆಗೆ ಬಂದ ಮರಿ ಮೊದಲ ಕೆಲವು ರಾತ್ರಿ ತಾಯಿಯನ್ನು ನೆನೆದು ಅಳುವುದು. ಹಳೆಯ ಕೌದಿಯ ತುಂಡೊಂದನ್ನು ಹಾಸಿ ಪಡಸಾಲೆಯಲ್ಲಿ ನಿಮ್ಮ ಸಮೀಪದಲ್ಲಿಯೇ ಮಲಗಿಸಿ. ಮೂರು ತಿಂಗಳು ದಾಟುವುದರೊಳಗೆ ಮುದುಕರು, ಮಕ್ಕಳು, ಬಂಡಿ, ಟ್ರ್ಯಾಕ್ಟರ್ ಎಲ್ಲವನ್ನೂ ಅದಕ್ಕೆ ಪರಿಚಯಿಸಿ. ಆರು ತಿಂಗಳಾದರೂ ಅದು ಬೊಗಳಲಿಲ್ಲವೆಂದು ಅವಸರದಿಂದ ನಿರಾಶರಾಗುವವರನ್ನು ಕಂಡಿದ್ದೇನೆ. ತನ್ನ ಮನೆ ಯಾವುದು, ಪರರ ಸೀಮೆ ಯಾವುದು ಎಂಬ ವಿವೇಕ ನಾಯಿಗೆ ಬೆಳೆದಂತೆಲ್ಲ ಬರುವುದು. ಎಂದೋ ಒಂದು ರಾತ್ರಿ, ಎರಡನೆಯ ಜಾವದಲ್ಲಿ, ಇನ್ನೂ ಒಡೆದ ಧ್ವನಿಯಲ್ಲಿ ಅದು ಮೊದಲ ಬಾರಿ ಬೊಗಳಿದಾಗ, ಹಿತ್ತಲಲ್ಲಿ ಇರುವುದು ಹೆಗ್ಗಣವೇ ಆಗಿದ್ದರೂ ಗದರಿಸದೆ, ಎದ್ದು ದೀಪ ಹಚ್ಚಿ, ಅದರ ಜೊತೆಗೆ ಹೋಗಿ ನೋಡಿ ಬನ್ನಿ.