ಗಂಡುಮಕ್ಕಳ ಮೂತ್ರದ್ವಾರದ ಹುಟ್ಟುದೋಷ ಮತ್ತು ಅದರ ಶಸ್ತ್ರಚಿಕಿತ್ಸೆ

ಗಂಡುಮಗುವಿನ ಮೂತ್ರದ್ವಾರವು ಶಿಶ್ನದ ತುದಿಯಲ್ಲಿರದೆ ಕೆಳಮೈಯಲ್ಲಿರುವ ದೋಷಕ್ಕೆ ವೈದ್ಯರು ಹೈಪೊಸ್ಪೇಡಿಯಾಸ್ ಎನ್ನುತ್ತಾರೆ. ಸುಮಾರು 200ರಿಂದ 300 ಗಂಡುಶಿಶುಗಳಲ್ಲಿ ಒಂದಕ್ಕೆ ಇದು ಕಂಡುಬರುತ್ತದೆ. ಭ್ರೂಣದಲ್ಲಿ ಮೂತ್ರನಾಳದ ಎರಡು ಅಂಚುಗಳು ಕೂಡಿಕೊಳ್ಳುವ ಕಾರ್ಯ ನಡುವೆಯೇ ನಿಂತುಹೋಗುವುದರಿಂದ ಹೀಗಾಗುತ್ತದೆ. ಇದು ಗ್ರಹಣದ ಫಲವೂ ಅಲ್ಲ, ಹೆತ್ತವರ ತಪ್ಪೂ ಅಲ್ಲ.

ಮೂತ್ರಧಾರೆ ಕೆಳಕ್ಕೆ ಬೀಳುವುದು, ಶಿಶ್ನ ಬಾಗಿರುವುದು, ಮುಂದೊಗಲು ಮೇಲ್ಭಾಗದಲ್ಲಿ ಮಾತ್ರ ಹೆಡೆಯಂತಿರುವುದು ಇದರ ಲಕ್ಷಣಗಳು. ದೋಷ ತೀರ ಅಲ್ಪವಾಗಿದ್ದು ತೊಂದರೆಯಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗದೆಯೂ ಇರಬಹುದು.

ಚಿಕಿತ್ಸೆಯ ವಿಧಾನಗಳು ಅನೇಕ. ಅವುಗಳಲ್ಲಿ ಮೂರು ಮುಖ್ಯವಾದವು. 1932ರಲ್ಲಿ ಫ್ರಾನ್ಸಿನ ಮ್ಯಾಥ್ಯೂ ಪ್ರಕಟಿಸಿದ ವಿಧಾನದಲ್ಲಿ ರಂಧ್ರದ ಕೆಳಗಿನ ಚರ್ಮವನ್ನು ಮೇಲಕ್ಕೆ ಮಡಿಚಿ ನಾಳವನ್ನು ಪೂರ್ಣಗೊಳಿಸುತ್ತಾರೆ. ಇದು ತುದಿಯ ಸಮೀಪದ ದೋಷಕ್ಕೆ ಒಪ್ಪುತ್ತದೆ; ಆದರೆ ಹೊಸ ದ್ವಾರದ ಆಕಾರ ಸಹಜವಾಗಿ ಕಾಣದಿರಬಹುದು. 1994ರಲ್ಲಿ ಅಮೆರಿಕದ ಸ್ನಾಡ್‌ಗ್ರಾಸ್ ಪ್ರಕಟಿಸಿದ ವಿಧಾನದಲ್ಲಿ ಮೂತ್ರನಾಳವಾಗಬೇಕಿದ್ದ ಪಟ್ಟಿಯನ್ನು ನಡುವೆ ಉದ್ದಕ್ಕೆ ಸೀಳಿ, ಅಗಲಿಸಿ, ಸಣ್ಣ ಕೊಳವೆಯ ಸುತ್ತ ಸುರುಳಿಯಾಗಿ ಹೊಲಿಯುತ್ತಾರೆ. ದ್ವಾರ ಸಹಜವಾಗಿ ಕಾಣುವುದರಿಂದ ಇಂದು ಇದಕ್ಕೇ ಹೆಚ್ಚು ಪ್ರಚಾರ. ಶಿಶ್ನ ಬಹಳ ಬಾಗಿದ್ದು ರಂಧ್ರವೂ ಬುಡದ ಬಳಿ ಇದ್ದರೆ ಎರಡು ಹಂತದ ಚಿಕಿತ್ಸೆಯನ್ನು ಹಲವರು ಆರಿಸುತ್ತಾರೆ: ಮೊದಲು ಬಾಗನ್ನು ನೆಟ್ಟಗೆ ಮಾಡಿ ಮುಂದೊಗಲಿನ ಒಳಚರ್ಮವನ್ನು ಕಸಿಮಾಡುವುದು, ಸುಮಾರು ಆರು ತಿಂಗಳ ತರುವಾಯ ಅದರಿಂದ ನಾಳ ಕಟ್ಟುವುದು.

ಹೊಲಿಗೆಯ ನಡುವೆ ತೂತು ಉಳಿದು ಮೂತ್ರ ಸೋರುವುದು, ದ್ವಾರ ಕಿರಿದಾಗುವುದು ಎಲ್ಲ ವಿಧಾನಗಳಲ್ಲಿಯೂ ಸಂಭವಿಸಬಹುದಾದ ತೊಡಕುಗಳು. ದೋಷ ತೀವ್ರವಾದಷ್ಟೂ ಇವು ಹೆಚ್ಚು. ಆದುದರಿಂದ ‘ಯಾವ ವಿಧಾನ ಶ್ರೇಷ್ಠ’ ಎಂಬ ಪ್ರಶ್ನೆಗಿಂತ, ‘ಈ ಮಗುವಿನ ರಂಧ್ರ ಎಲ್ಲಿದೆ, ಬಾಗು ಎಷ್ಟಿದೆ, ಚರ್ಮ ಸಾಕಷ್ಟಿದೆಯೆ’ ಎಂಬುದೇ ಸರಿಯಾದ ಪ್ರಶ್ನೆ. ಇದರಲ್ಲಿ ನುರಿತ ಕೈಯೂ ವಿಧಾನದಷ್ಟೇ ಮುಖ್ಯ.

ಶಸ್ತ್ರಚಿಕಿತ್ಸೆಗೆ 6ರಿಂದ 18 ತಿಂಗಳ ವಯಸ್ಸು ಪ್ರಶಸ್ತ. ಮುಂದೊಗಲು ನಾಳ ಕಟ್ಟಲು ಬೇಕಾಗುವುದರಿಂದ, ಈ ದೋಷವುಳ್ಳ ಮಗುವಿಗೆ ವೈದ್ಯರನ್ನು ಕೇಳದೆ ಸುನ್ನತಿ ಮಾಡಿಸಬಾರದು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದು, ಮೊದಲ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಮಕ್ಕಳ ಶಸ್ತ್ರವೈದ್ಯರಿರುವ ಮೈಸೂರು, ಚಾಮರಾಜನಗರ ಗುಂಡ್ಲುಪೇಟೆಗಳೆರಡರಿಂದಲೂ ಸುಮಾರು 60 ಕಿಲೋಮೀಟರು. ಆದರೂ ಎಷ್ಟೋ ಮಕ್ಕಳು ಶಾಲೆಗೆ ಸೇರುವವರೆಗೂ ಚಿಕಿತ್ಸೆ ಕಾಣದಿರಲು ದೂರಕ್ಕಿಂತ ಸಂಕೋಚವೇ ಕಾರಣ.

ಜೊತೆಯವರೊಡನೆ ಮೂತ್ರಕ್ಕೆ ನಿಲ್ಲಲು ಹಿಂಜರಿಯುವ, ಒಂಟಿಯಾಗಿ ಮರೆಗೆ ಹೋಗುವ ಬಾಲಕನನ್ನು ಗದರಿಸದೆ, ಪೋಷಕರಿಗೆ ಏಕಾಂತದಲ್ಲಿ ವಿಷಯ ತಿಳಿಸುವುದು ಉಪಾಧ್ಯಾಯರಿಂದ ಆಗಬಹುದಾದ ಉಪಕಾರ. ಪ್ರಶಸ್ತ ವಯಸ್ಸು ಮೀರಿದ್ದರೂ ಚಿಕಿತ್ಸೆಯ ಬಾಗಿಲು ಮುಚ್ಚಿರುವುದಿಲ್ಲ.