ಮಹಡಿಯ ಮೇಲಣ ಮೀನಿನ ತೊಟ್ಟಿ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯು 24 ಘನ ಅಡಿ ನೀರನ್ನು ಹಿಡಿಯುತ್ತದೆ. ನೀರೊಂದರ ತೂಕವೇ ಸುಮಾರು 680 ಕಿಲೋಗ್ರಾಂ. ಗಾಜು, ಮರಳು, ಪೀಠ ಇವು ಸೇರಿದರೆ 850ಕ್ಕೆ ಕಡಮೆಯಾಗದು. ವಾಸದ ಕೊಠಡಿಗಳ ನೆಲಕ್ಕೆ 1987ರ ಭಾರತೀಯ ಮಾನಕವು ಗೊತ್ತುಪಡಿಸಿದ ಹೊರೆಯಾದರೋ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ. ತೊಟ್ಟಿಯು ತನ್ನಡಿಯ ನೆಲವನ್ನು ಇದರ ಮೂರೂವರೆ ಪಾಲಿಗಿಂತಲೂ ಹೆಚ್ಚಾಗಿ ಅದುಮುತ್ತದೆ.

ಇಷ್ಟರಿಂದಲೇ ನೆಲವು ಕುಸಿಯುವುದೆಂದು ತಿಳಿಯಬೇಕಾಗಿಲ್ಲ. ಆ ಪ್ರಮಾಣವು ಕೊಠಡಿಯೆಲ್ಲಕ್ಕೂ ಹರಡಿ ಎಣಿಸಿದುದು. ಹೊರೆ ಎಷ್ಟೆಂಬುದರಂತೆಯೇ ಎಲ್ಲಿರುವುದೆಂಬುದೂ ಮುಖ್ಯ. ಎರಡು ತುದಿಗಳಲ್ಲಿ ಆನಿಸಿದ ಹಲಗೆಯ ನಡುವೆ ನಿಂತರೆ ಅದು ಬಾಗುತ್ತದೆ; ತುದಿಯ ಬಳಿ ನಿಂತರೆ ಬಾಗುವುದು ಅತ್ಯಲ್ಪ. ಆದುದರಿಂದ ತೊಟ್ಟಿಯನ್ನು ಭಾರ ಹೊರುವ ಗೋಡೆಗೆ ಒತ್ತಾಗಿ ಇಡತಕ್ಕದ್ದು. ಕೊಠಡಿಯನ್ನು ವಿಭಾಗಿಸುವುದಕ್ಕೆ ಮಾತ್ರ ಕಟ್ಟಿದ ತೆಳುಗೋಡೆಯಿಂದ ಈ ನೆರವು ದೊರೆಯದು.

ಬೆಂಗಳೂರಿನ ಹಳೆಯ ಮನೆಗಳಲ್ಲಿ ಕಾಣುವ ಮದರಾಸು ತಾರಸಿಯ ವಿಷಯ ಬೇರೆ. ಅಲ್ಲಿ ಇಟ್ಟಿಗೆ ಗಾರೆಗಳನ್ನು ಹೊರುವುದು ಮರದ ಜಂತೆಗಳು. ತೊಟ್ಟಿಯು ಜಂತೆಗಳಿಗೆ ಅಡ್ಡವಾಗಿದ್ದರೆ ಹೊರೆಯು ಹಲವಕ್ಕೆ ಹಂಚಿಹೋಗುವುದು. ಅವುಗಳ ಉದ್ದಕ್ಕೆ ಇಟ್ಟರೆ ಒಂದೆರಡೇ ಹೊರಬೇಕು. ಆದರೆ ಗೋಡೆಯೊಳಗೆ ಹುದುಗಿದ ಜಂತೆಯ ತುದಿಯೇ ತೇವ ತಗಲಿ ಲಡ್ಡಾಗುವ ಸ್ಥಳ. ಅದನ್ನು ಪರೀಕ್ಷಿಸದೆ ಗೋಡೆಯ ಬಳಿ ಕ್ಷೇಮವೆನ್ನುವುದು ಬರಿಯ ಧೈರ್ಯದ ಮಾತು.

ಮದುವೆಗೆ ನೆರೆದ ಜನರು ಊಟವಾದೊಡನೆ ಎದ್ದುಹೋಗುತ್ತಾರೆ, ತೊಟ್ಟಿಯು ಏಳುವುದಿಲ್ಲ. ವರ್ಷಗಟ್ಟಲೆ ನಿಂತ ಹೊರೆಗೆ ಮರವೂ ಕಾಂಕ್ರೀಟೂ ಮೆಲ್ಲಮೆಲ್ಲನೆ ಬಾಗುತ್ತವೆ. ನೆಲವು ಓರೆಯಾದುದನ್ನು ತೊಟ್ಟಿಯ ನೀರೇ ತೋರಿಸಿಕೊಡುವುದು: ಒಂದು ತುದಿಯಲ್ಲಿ ನೀರು ತಿಂಗಳಿಂದ ತಿಂಗಳಿಗೆ ಅಂಚನ್ನು ಸಮೀಪಿಸುತ್ತಿದ್ದರೆ, ಮೊದಲು ತೊಟ್ಟಿಯನ್ನು ಬರಿದುಮಾಡಿ, ಅನಂತರ ಇಂಜಿನಿಯರನ್ನು ಕರೆಸತಕ್ಕದ್ದು.