ಪೆಲೆ ಪಕ್ಕ ನಮ್ಮ ರಾಮನ್ ಯಾಕಿಲ್ಲ?

ಅಮೆರಿಕದ ಎಷ್ಟೋ ಊರುಗಳಲ್ಲಿ ಸ್ಥಳೀಯ ಬೇಸ್‌ಬಾಲ್ ಆಟಗಾರರ ನೆನಪಿಗೆ ಒಂದು ‘ಹಾಲ್ ಆಫ್ ಫೇಮ್’ ಇರುತ್ತೆ. ಬೆಂಗಳೂರಿನಲ್ಲಿ ಅದಕ್ಕೆ ಹತ್ತಿರದ ಜಾಗ ಯಾವುದು ಅಂತ ಕೇಳಿದರೆ ನಾನು ಹಲಸೂರು ಪಕ್ಕದ ಗೌತಮಪುರ ಅಂತೀನಿ. ನಮ್ಮ ಗಂಗಾನಗರದಿಂದ ದೂರವೇನಿಲ್ಲ, ಮೇಖ್ರಿ ಸರ್ಕಲ್ ದಾರಿ ಬಿಡಬೇಕಷ್ಟೆ! ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಫುಟ್‌ಬಾಲ್ ದೊರೆ ಪೆಲೆ ನಿಂತಿದ್ದಾರೆ.

ಪೆಲೆ ಇರಲಿ, ಖುಷಿಯೇ. ಆದರೆ ನಮ್ಮೋರು?

1948ರ ಲಂಡನ್ ಒಲಿಂಪಿಕ್ಸ್. ಭಾರತದ ಎದುರಾಳಿ ಫ್ರಾನ್ಸ್. ನಮ್ಮ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. ಎರಡು ಪೆನಾಲ್ಟಿ ಹಾಳಾದವು, 2-1ರಿಂದ ಸೋತೆವು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಫುಟ್‌ಬಾಲ್ ಗೋಲು, ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ನಮ್ಮೂರಿನ ಅಹ್ಮದ್ ಖಾನ್ 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ಅವರನ್ನು ‘ಪಂಚಪಾಂಡವ’ರಲ್ಲಿ ಒಬ್ಬರು ಅಂತ ಇಂದಿಗೂ ಕೊಂಡಾಡ್ತಾರೆ. 2017ರಲ್ಲಿ ಅವರು ತೀರಿಕೊಂಡದ್ದು ಇಲ್ಲೇ, ಬೆಂಗಳೂರಲ್ಲಿ. ನನ್ನ ಆಫೀಸಿನಲ್ಲಿ ಕೇಳಿ ನೋಡಿದೆ. ಮೆಸ್ಸಿ ಜೆರ್ಸಿ ಹಾಕೋ ಹುಡುಗರಲ್ಲಿ ಒಬ್ಬರಿಗೂ ಈ ಎರಡು ಹೆಸರು ಗೊತ್ತಿರಲಿಲ್ಲ.

ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಮತ್ತೆ ಕಪ್ ಬರೋಕೆ 54 ವರ್ಷ ಹಿಡೀತು: 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇವರಿಗೆಲ್ಲ ಒಂದು ದೊಡ್ಡ ಗೋಡೆ ಸಿಗಲಿ ಅನ್ನೋದು ನನ್ನಾಸೆ. ಅಲ್ಲೀತನಕ, ನಿಮ್ಮ ತಾತನ ಟ್ರಂಕಿನಲ್ಲಿ ಹಳೇ ಟೀಮ್ ಫೋಟೋ ಇದ್ದರೆ ಈ ಭಾನುವಾರವೇ ತೆಗೀರಿ. ಗುರುತು ಹಿಡಿಯೋರು ಇರುವಾಗಲೇ ಅದರ ಹಿಂದೆ ಹೆಸರು ಬರೆದಿಡಿ.